ರೆಕ್ಕೆಯ ಕೆಳಗಿನ ಮಣ್ಣು

ಮೂತಿ ಬಾಗಿದ ವಿಮಾನಕ್ಕೂ ಹೊದಿಕೆ ಹೊದಿಸಬೇಕೆ ಎಂದು ಗಂಗಹನುಮಯ್ಯ ಬೆಳಿಗ್ಗೆ ಬಂದಾಗಿನಿಂದ ಯೋಚಿಸುತ್ತಿದ್ದ. ಹೊದಿಸಬೇಕು ಎನ್ನುವುದು ಅವನಿಗೇ ಗೊತ್ತಿತ್ತು. ಹಾರುವ ವಿಮಾನ ಯಾವುದು, ಕೂತ ವಿಮಾನ ಯಾವುದು ಎಂಬ ಭೇದ ಮಳೆಗಿಲ್ಲ, ಬಿಸಿಲಿಗಂತೂ ಮೊದಲೇ ಇಲ್ಲ. ಹಾಗಾಗಿ ಬಕೆಟ್ಟಿನಲ್ಲಿ ನೀರು ತಂದು, ಮೆತ್ತನೆ ಬಟ್ಟೆ ಅದ್ದಿ, ಮುಂದಿನ ಗಾಜಿನ ಮೇಲಿದ್ದ ಕೆಸರು ಒರೆಸತೊಡಗಿದ. ಧೂಳಿನ ಮೇಲೆ ಹೊದಿಕೆ ಹಾಕಿದರೆ ಗಾಳಿಗೆ ಬಟ್ಟೆ ಉಜ್ಜಿ ಗಾಜು ಮಂಜಾಗುತ್ತದೆ. ಮೂರು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಗೊತ್ತಿರಲಿಲ್ಲ. ಜೋರು ಮಳೆ ಬಂತೆಂದು ಮನೆಯಿಂದ ರಾಗಿ ಮೆದೆಗೆ ಹೊದಿಸುವ ನೀಲಿ ಟಾರ್ಪಾಲು ತಂದು, ಮೇಲೆ ತೆಂಗಿನ ನಾರಿನ ಹಗ್ಗ ಎಳೆದೆಳೆದು ಬಿಗಿದು, ಶಹಬ್ಬಾಸ್‌ಗಿರಿ ಸಿಗುತ್ತದೆಂದು ಕಾದಿದ್ದ. ವಿಮಾನ ಹಾರಿಸಲು ಕಲಿಸುವ ಕ್ಯಾಪ್ಟನ್ ಮಲ್ಲಿಕಾರ್ಜುನ್ ಬಂದವರು ಟಾರ್ಪಾಲು ಎತ್ತಿ ಗಾಜಿನ ಮೇಲಿನ ಗೀರುಗಳನ್ನು ಬೆರಳಿನಲ್ಲಿ ಸವರಿ, ಕಲಿಯಲು ಬಂದಿದ್ದ ನಾಲ್ಕು ಹುಡುಗರ ಎದುರಿಗೆ, "ಇದು ರಾಗಿ ಮೆದೆ ಅಲ್ಲ ಗಂಗಣ್ಣ" ಎಂದಿದ್ದರು. ಹುಡುಗರು ನಕ್ಕರು. ಅವನೂ ನಕ್ಕ. ಆ ನಗು ಇವತ್ತಿಗೂ ಮುಖಕ್ಕೆ ಅಂಟಿಕೊಂಡೇ ಇದೆ ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಕುಣಿಗಲ್ಲಿಗೂ ಅಮೃತೂರಿಗೂ ನಡುವೆ, ಹಿಂದೆ ದನ ಮೇಯುತ್ತಿದ್ದ ಬಯಲಿನಲ್ಲಿ ಈ ವಿಮಾನ ಕಲಿಸುವ ಶಾಲೆ. ಶಾಲೆಯೆಂದರೆ ಒಂದು ಕೋಣೆ, ಉದ್ದಕ್ಕೆ ಸಮ ಮಾಡಿದ ಒಂದು ಹುಲ್ಲುದಾರಿ, ಎರಡು ಸೀಟಿನ ಒಂದೇ ಒಂದು ಬಿಳಿ ವಿಮಾನ. ವಿಮಾನಕ್ಕೆಂದು ನಿಲ್ಲಿಸಿದ ಕಂಬಗಳ ಮೇಲೆ ಮಾಡು ಇನ್ನೂ ಕೂತಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಟಾರ್ಪಾಲಿನ ಅವಮಾನವಾದ ಮೇಲೆ ಗಂಗಹನುಮಯ್ಯ ಆ ವಿಮಾನವನ್ನು ಎಷ್ಟು ಅಚ್ಚುಕಟ್ಟಾಗಿ ನೋಡಿಕೊಂಡನೆಂದರೆ, ಹೆಂಡತಿ ಪುಟ್ಟತಾಯಮ್ಮ, "ನನ್ನ ಮೈ ಬಿಸಿ ಆಗದಾ ತಣ್ಣಗದಾ ಅಂತ ಯಾವತ್ತಾರ ಹಿಂಗೆ ಮುಟ್ಟಿ ನೋಡಿದ್ರಾ?" ಎಂದು ಕೆಣಕುತ್ತಿದ್ದಳು. ಎರಡು ರೆಕ್ಕೆಗೆ ಎರಡು ಹಗ್ಗ, ಬಾಲಕ್ಕೊಂದು. ನೆಲದಲ್ಲಿ ಸಿಮೆಂಟು ಹಾಕಿ ಹೂತ ಕಬ್ಬಿಣದ ಬಳೆಗೆ ಕಟ್ಟು. ಬಿಗಿಯಾಗಿ ಎಳೆಯಕೂಡದು, ಸಡಿಲ ಬಿಟ್ಟರೂ ಗಾಳಿಗೆ ಜಗ್ಗುತ್ತದೆ, ಎರಡರ ನಡುವೆ ಇರಬೇಕು. ಇಂಜಿನ್ನಿನ ತೂತುಗಳಲ್ಲಿ ಗೊರವಂಕ ಗೂಡು ಕಟ್ಟದಂತೆ ಸ್ಪಂಜಿನ ಬಿರಡೆ. ಕೊನೆಗೆ, ಎಡ ರೆಕ್ಕೆಯ ಕೆಳಗೆ ಮುಂದಕ್ಕೆ ಮೂತಿ ಚಾಚಿಕೊಂಡಿರುವ ಬೆರಳುದ್ದದ ಲೋಹದ ಕೊಳವೆಗೆ ಕೆಂಪು ಚೀಲ. ಓಡುವಾಗ ಆ ಕೊಳವೆಯೊಳಕ್ಕೆ ಗಾಳಿ ನುಗ್ಗಿದರೆ ಮಾತ್ರ ಒಳಗೆ ಕೂತವರ ಎದುರಿನ ಮೀಟರಿನಲ್ಲಿ ವೇಗದ ಮುಳ್ಳು ಏಳುತ್ತದೆ. ಮಿಕ್ಕ ಎಲ್ಲವನ್ನೂ ಮುಗಿಸಿ ಅವನು ಇವತ್ತು ಆ ರೆಕ್ಕೆಯ ಹತ್ತಿರ ಬಂದು ನಿಂತ. ಕೈ ಮೇಲೇಳಲಿಲ್ಲ.

ಹೋದ ಗುರುವಾರ ಗಾಳಿ ಬೀಸಿದ ಬೀಸಿಗೆ ಆ ಕೆಂಪು ಚೀಲ ಹಾರಿಹೋಗಿತ್ತು. ಆಷಾಢ ಕಳೆದರೂ ಗಾಳಿ ಕಳೆದಿರಲಿಲ್ಲ. ಬೇಲಿಯುದ್ದಕ್ಕೂ ಹುಡುಕಿದ, ಪಕ್ಕದ ರಾಗಿ ಹೊಲಕ್ಕೂ ಇಳಿದು ಹುಡುಕಿದ, ಸಿಗಲಿಲ್ಲ. ಕ್ಯಾಪ್ಟನ್ನರಿಗೆ ಹೇಳಬಹುದಿತ್ತು. ಹೇಳಿದರೆ ಮತ್ತೆ ರಾಗಿ ಮೆದೆಯ ಮಾತು ಬರುತ್ತದೆಂದು ಹೇಳಲಿಲ್ಲ. ಎರಡು ದಿನ ಕೊಳವೆ ಬಾಯಿ ತೆರೆದುಕೊಂಡೇ ಇತ್ತು. ಪುಟ್ಟತಾಯಮ್ಮ ಶುಕ್ರವಾರ ರಾತ್ರಿ ಮಗಳ ಮಡಿಲಿಗೆ ಬಂದಿದ್ದ ಕೆಂಪು ರವಿಕೆ ಕಣದಲ್ಲಿ ಒಂದು ತುಂಡು ಕತ್ತರಿಸಿ ಅಂಥದೇ ಚೀಲ ಹೊಲಿದುಕೊಟ್ಟಳು. ಶನಿವಾರ ಅದನ್ನು ಹಿಡಿದು ರೆಕ್ಕೆಯ ಕೆಳಗೆ ಬಗ್ಗಿದಾಗ ಕಂಡದ್ದು ಕುಂಬಾರ ಹುಳ. ನಡು ದಾರದಷ್ಟು ಸಣ್ಣ, ಬಾಯಲ್ಲಿ ಹಸಿ ಮಣ್ಣಿನ ಉಂಡೆ. ಅವನು ನೋಡುತ್ತಿದ್ದಂತೆಯೇ ಕೊಳವೆಯೊಳಗೆ ಹೋಗಿ, ಮಣ್ಣು ಮೆತ್ತಿ, ಹೊರಗೆ ಬಂದು, ಇವನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹಾರಿಹೋಯಿತು. ಗುಬ್ಬಿಯ ಗಂಡನ ಮನೆಯಿಂದ ಮಗಳು ಮಂಜುಶ್ರೀ ಬಂದು ತಿಂಗಳಾಗಿತ್ತು. ಮದುವೆಯಾಗಿ ಏಳು ವರ್ಷ. ಮೊದಲೆರಡು ಸಲ ಬಸಿರು ಮೂರು ತಿಂಗಳು ತುಂಬುವ ಮೊದಲೇ ಹೋಗಿ, ಈ ಸಲ ಐದನೇ ತಿಂಗಳು ನಡೆಯುತ್ತಿತ್ತು. ತುಮಕೂರಿನ ಡಾಕ್ಟರು ಮೆಟ್ಟಿಲು ಹತ್ತಬೇಡ ಎಂದಿದ್ದರು. ಮನೆಯ ಅಡಿಗೆ ಕೋಣೆಯ ಕಿಟಕಿಯಲ್ಲೂ ಒಂದು ಕುಂಬಾರ ಹುಳ ಗೂಡು ಕಟ್ಟಿತ್ತು. ಪುಟ್ಟತಾಯಮ್ಮ ಅದಕ್ಕೆ ಪೊರಕೆ ತಾಕಿಸಕೂಡದೆಂದು ಮನೆಗೆಲ್ಲ ಕಟ್ಟಪ್ಪಣೆ ಮಾಡಿದ್ದಳು: "ಬಸುರಿ ಇರೋ ಮನೇಲಿ ಹುಳ ಕಟ್ಟಿದ್ ಮಣ್ಣು ಕೀಳ್ಬಾರ್ದು. ಅದೂ ಒಂದು ಹೊಟ್ಟೆನೇಯ."

ವಿಮಾನ ಮನೆಯಲ್ಲ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಬ್ರೇಕು ಬಿಚ್ಚಿ ಕಟ್ಟಿದವನು ಅವನು. ಯಾವ ಡ್ರೈವರು ಬಸ್ಸಿಗೆ ನಿಂಬೆಹಣ್ಣು ಕಟ್ಟಿದರೂ, ಮೊದಲು ಬ್ರೇಕ್ ಆಯಿಲ್ ನೋಡಯ್ಯ, ಆಮೇಲೆ ನಿಂಬೆಹಣ್ಣು ಅನ್ನುತ್ತಿದ್ದವನು. ಆದರೆ ಕೈಯಲ್ಲಿ ಮಗಳ ಮಡಿಲಿನ ಬಟ್ಟೆ ಇತ್ತು, ಕಣ್ಣೆದುರಿಗೆ ಮಣ್ಣು ಹೊತ್ತ ಹುಳ ಇತ್ತು. ತಂತಿ ಹಾಕಿ ಕೆರೆಯುವುದು ಒಂದು ನಿಮಿಷದ ಕೆಲಸ. ಆ ಒಂದು ನಿಮಿಷ ಅವನಿಂದಾಗಲಿಲ್ಲ. ಬುಧವಾರದವರೆಗೆ ಗಾಳಿ ಇದೆ, ಹಾರಾಟವಿಲ್ಲ ಎಂದು ಕ್ಯಾಪ್ಟನ್ ಹೇಳಿದ್ದರಲ್ಲ, ಅಷ್ಟರಲ್ಲಿ ಏನಾದರೊಂದು ಆಗುತ್ತದೆ ಎಂದುಕೊಂಡ. ಏನಾದರೊಂದು ಎಂದರೆ ಏನು ಎಂದು ತನ್ನನ್ನು ಕೇಳಿಕೊಳ್ಳಲಿಲ್ಲ. ಚೀಲವನ್ನು ಹುಳ ಬಂದು ಹೋಗುವಷ್ಟು ಸಂದು ಬಿಟ್ಟು ಸಡಿಲವಾಗಿ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದ. ಮನಸ್ಸಿಗೆ ಹಿತವಾಗಿತ್ತು. ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಆ ಹಿತ ನೆನೆದಾಗಲೇ ಎಂದುಕೊಂಡ. ಮರುಕ್ಷಣವೇ, ಅಲ್ಲ, ಅದಕ್ಕಲ್ಲ, ಎಂದು ತನಗೆ ತಾನೇ ತಿದ್ದಿಕೊಂಡ.

ಸೋಮವಾರ ಗಾಳಿ ನಿಂತುಬಿಟ್ಟಿತು. ಹಾರಾಟ ಕಲಿಯುತ್ತಿದ್ದ ಹೇಮಶ್ರೀ, ಗಾಳಿ ನಿಂತದ್ದು ಕಂಡು, ಕ್ಯಾತ್ಸಂದ್ರದಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದಳು. ಅಲ್ಲಿ ಹೈವೇ ಪಕ್ಕದಲ್ಲಿ ಅವರಮ್ಮನದು ತಟ್ಟೆ ಇಡ್ಲಿ ಹೋಟೆಲು. ಅಲ್ಲಿನ ಇಡ್ಲಿ ಕಟ್ಟಿಸಿಕೊಂಡು ಬಂದು, "ಗಂಗಣ್ಣ, ಮೊದ್ಲು ನೀವು ತಿನ್ನಿ" ಎಂದು ಕೊಡುವ ಹುಡುಗಿ. ಒಬ್ಬಳೇ ಹಾರಿಸುವುದು ಅವಳಿಗೆ ಅದು ಮೂರನೇ ಸಲ. ಮೋಡ ಮತ್ತೆ ಕವಿಯುವ ಮೊದಲು ಒಂದು ಸುತ್ತು ಹಾಕಿ ಬಾ ಎಂದು ಕ್ಯಾಪ್ಟನ್ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದರು. ಅವಳು ಪಟ್ಟಿ ಹಿಡಿದು ಬಲ ರೆಕ್ಕೆಯಿಂದ ಸುತ್ತಿಕೊಂಡು ಬರುತ್ತಿದ್ದಳು. ಒಂದೊಂದನ್ನೂ ಮುಟ್ಟಿ ನೋಡಿ ಗುರುತು ಹಾಕುವ ಪಟ್ಟಿ. ಅವಳು ಎಡಕ್ಕೆ ಬರುವ ಮೊದಲೇ ಗಂಗಹನುಮಯ್ಯ ಕೆಂಪು ಚೀಲ ಕಿತ್ತು ಜೇಬಿಗೆ ಹಾಕಿಕೊಂಡ. ಕೊಳವೆಯ ಬಾಯಿ ತುಂಬಿತ್ತು. ಮಣ್ಣು ಒಣಗಿ ಲೋಹದ ಬಣ್ಣಕ್ಕೇ ತಿರುಗಿತ್ತು. ಅವನು ಅದಕ್ಕೆ ಬೆನ್ನು ಕೊಟ್ಟು ನಿಂತ. "ಇದನ್ನೂ ನೋಡಿದೀರಾ ಗಂಗಣ್ಣ?" ಎಂದಳು ಅವಳು, ಪೆನ್ನು ಎತ್ತಿಕೊಂಡು. "ನೋಡಿದೀನಿ ಕಣವ್ವ" ಎಂದ. ಸುಳ್ಳಲ್ಲ. ನೋಡಿದ್ದ. ಅವಳು ಗುರುತು ಹಾಕಿ, ಅವನ ಭುಜ ತಟ್ಟಿ, ಒಳಗೆ ಹತ್ತಿ ಕೂತಳು. ಆ ಎರಡು ಮಾತನ್ನು ಅವನು ರಾತ್ರಿಯಿಂದ ಎಷ್ಟು ಸಲ ಹೇಳಿಕೊಂಡಿದ್ದಾನೋ. ಎಷ್ಟು ಸಲ ಹೇಳಿಕೊಂಡರೂ ಅದು ನಿಜವೇ ಆಗಿರುವುದು ಅವನಿಗೆ ಇನ್ನೂ ಹೇಸಿಗೆ ತರುತ್ತಿತ್ತು.

ವಿಮಾನ ಓಡಿತು. ಅರ್ಧ ದಾರಿ ದಾಟಿದರೂ ನೆಲ ಬಿಡಲಿಲ್ಲ. ಆಮೇಲೆ ಇಂಜಿನ್ನಿನ ಸದ್ದು ಥಟ್ಟನೆ ಇಳಿದು, ಚಕ್ರ ಹಸಿ ಹುಲ್ಲಿನಲ್ಲಿ ಜಾರಿ, ದಾರಿಯ ತುದಿ ದಾಟಿ ರಾಗಿ ಹೊಲದ ಬದುವಿಗೆ ಮೂತಿ ಗುದ್ದಿಕೊಂಡು ನಿಂತಿತು. ಗಂಗಹನುಮಯ್ಯ ಓಡಿದ. ಐವತ್ತೊಂಬತ್ತು ವರ್ಷದ ಕಾಲುಗಳು ಹಾಗೆ ಓಡುತ್ತವೆಂದು ಅವನಿಗೇ ಗೊತ್ತಿರಲಿಲ್ಲ. ಕ್ಯಾಪ್ಟನ್ ಹಿಂದೆ ಎಲ್ಲೋ ಕೂಗುತ್ತಿದ್ದರು. ಗಾಜಿನ ಹಿಂದೆ ಹುಡುಗಿಯ ಮುಖ, ಹಣೆಯಿಂದ ಹುಬ್ಬಿಗೆ ಇಳಿಯುತ್ತಿರುವ ರಕ್ತ. ಬಾಗಿಲು ಸಿಕ್ಕಿಹಾಕಿಕೊಂಡಿತ್ತು, ಅಂಗೈಯಲ್ಲಿ ಒಳಗಿನಿಂದ ಬಡಿಯುತ್ತಿದ್ದಳು. ದಬ್, ದಬ್, ದಬ್. ಬಾಗಿಲಿಗೆ ಇನ್ನು ಮೂರು ಹೆಜ್ಜೆ ಇತ್ತು. ಅವನ ಕೈ ಬಾಗಿಲಿಗೆ ಹೋಗಲಿಲ್ಲ. ರೆಕ್ಕೆಯ ಕೆಳಗೆ ಬಗ್ಗಿ, ಬೀಗದ ಕೈ ಗೊಂಚಲಿನ ತಂತಿಯನ್ನು ಕೊಳವೆಗೆ ತುರುಕಿ, ತಿರುಗಿಸಿ, ಎಳೆದ. ಮಣ್ಣು ಮುಷ್ಟಿಗೆ ಬಿತ್ತು. ಮತ್ತೊಮ್ಮೆ ತುರುಕಿದ. ಬಾಯಿ ಹಚ್ಚಿ ಊದಿದ. ಮುಷ್ಟಿಯನ್ನು ಜೇಬಿಗೆ ಸುರಿದುಕೊಂಡ. ಆಮೇಲೆ ಬಾಗಿಲು ಎಳೆದ. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಶನಿವಾರ ಮಗಳಿಗಾಗಿ ಆಗದಿದ್ದ ಅದೇ ಕೆಲಸ, ಸೋಮವಾರ ತನಗಾಗಿ ಆಗಿಹೋಗಿತ್ತು.

ಸಂಜೆ ವಿಮಾನವನ್ನು ತಳ್ಳಿ ಅದರ ಜಾಗಕ್ಕೆ ತಂದು ನಿಲ್ಲಿಸಿದ ಮೇಲೂ ಗೂಡು ಜೇಬಿನಲ್ಲೇ ಇತ್ತು, ಒಂದು ಕಾಗದದಲ್ಲಿ ಮಡಿಸಿಕೊಂಡು. ಬಿಸಾಡಲು ರಾತ್ರಿ ತೆಂಗಿನ ತೋಟಕ್ಕೆ ಹೋಗಿ, ಕಾಗದ ಬಿಚ್ಚಿದರೆ, ಒಡೆದ ಮಣ್ಣಿನ ನಡುವೆ, ಮರಿಯ ಮೇವಿಗೆಂದು ತಾಯಿ ಕಡಿದು ತಂದಿಟ್ಟ ಎಳೆ ಹಸಿರು ಹುಳುಗಳು, ಸತ್ತಿರಲಿಲ್ಲ, ಅಲುಗುತ್ತಲೂ ಇರಲಿಲ್ಲ; ಅವುಗಳ ಪಕ್ಕ ಅಕ್ಕಿ ನುಚ್ಚಿನಷ್ಟು ಬೆಳ್ಳಗಿನದೊಂದು ಮರಿ. ಬಿಸಾಡಲಾಗಲಿಲ್ಲ. ಮತ್ತೆ ಮಡಿಸಿ ಜೇಬಿಗಿಟ್ಟು ಅಂಗಿಯನ್ನು ಗೂಟಕ್ಕೆ ನೇತುಹಾಕಿದ. ಬೆಳಿಗ್ಗೆ ಪುಟ್ಟತಾಯಮ್ಮ ಒಗೆಯಲು ಅಂಗಿ ಎತ್ತಿಕೊಂಡಾಗ ಕಿತ್ತುಕೊಂಡು ಅದನ್ನೇ ತೊಟ್ಟು ಬಂದಿದ್ದ. ಅವಳು ಅವನ ಮುಖ ನೋಡಿದ್ದಳು.

ಹತ್ತು ಗಂಟೆಗೆ ಕ್ಯಾಪ್ಟನ್ ಬಂದರು. ಹಿಂದೆಯೇ ಹೇಮಶ್ರೀ, ಹಣೆಗೆ ಪಟ್ಟಿ ಸುತ್ತಿಕೊಂಡು. ಅವಳು ಸೋಮವಾರ ಬರೆದುಕೊಟ್ಟದ್ದು ಒಂದೇ ಸಾಲು: ವೇಗದ ಮುಳ್ಳು ಏಳಲಿಲ್ಲ, ಅದಕ್ಕೇ ನಿಲ್ಲಿಸಿದೆ. ಕ್ಯಾಪ್ಟನ್ ಸಿರಿಂಜಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ರೆಕ್ಕೆಯ ಕೆಳಗಿನ ಕೊಳವೆಗೆ ಹಾಕಿ, ಮೆಲ್ಲಗೆ ಒತ್ತಿದರು. "ಮುಳ್ಳು ನೋಡಮ್ಮ" ಎಂದರು. ಅವಳು ಬಾಗಿಲಿನಿಂದ ಬಗ್ಗಿ ನೋಡಿದಳು.

"ಏಳ್ತಿದೆ ಸಾರ್."

"ಮತ್ತೆ ನಿನ್ನೆ?"

"ನಿನ್ನೆ ಏಳ್ಲಿಲ್ಲ ಸಾರ್. ಸೊನ್ನೇಲೇ ಇತ್ತು. ನಾನ್ ಎರಡ್ ಸಲ ನೋಡ್ದೆ."

"ಭಯ ಆಯ್ತಾ? ಭಯ ಆದ್ರೆ ಆಯ್ತು ಅನ್ನು, ಅದು ತಪ್ಪಲ್ಲ. ಮೀಟರ್ ಮೇಲೆ ಹಾಕ್ಬೇಡ. ಸುಳ್ಳು ಹೇಳೋರ್ನ ನಾನು ಒಬ್ರನ್ನೇ ಮೇಲಕ್ಕೆ ಕಳ್ಸಕ್ಕಾಗಲ್ಲ."

"ಸುಳ್ಳಲ್ಲ ಸಾರ್" ಎಂದಳು. ದನಿ ಒಡೆಯಿತು. ಅಳಬಾರದೆಂದು ಮೂಗು ಒರೆಸಿಕೊಂಡು ಆಚೆ ನೋಡಿದಳು. ಗಂಗಹನುಮಯ್ಯ ಹೊದಿಕೆಯ ಒಂದು ತುದಿ ಹಿಡಿದುಕೊಂಡು ಹತ್ತಡಿ ದೂರದಲ್ಲಿ ನಿಂತಿದ್ದ. ತನಗೇ ಗೊತ್ತಿಲ್ಲದೆ ಜೇಬಿನ ಮೇಲೆ ಕೈಯಿಟ್ಟುಕೊಂಡಿರುವುದು ಅರಿವಿಗೆ ಬಂದು ಕೈ ತೆಗೆದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಗೆ ಬೇರೆ ಮನುಷ್ಯ ಬೇಕಿರಲಿಲ್ಲ.

"ಗಂಗಣ್ಣ, ಕೊಳವೆ ನೀವು ನೋಡಿದ್ರಾ?" ಎಂದು ಕ್ಯಾಪ್ಟನ್ ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ಹೇಮಶ್ರೀ ನಡುವೆ ಬಂದಳು. "ಅವ್ರನ್ನ ಯಾಕ್ ಸಾರ್ ಕೇಳ್ತೀರಾ? ನೋಡ್ಬೇಕಾಗಿದ್ದೋಳು ನಾನು. ಗುರುತು ಹಾಕಿದ್ದು ನಾನು. ನಿನ್ನೆ ಎಲ್ರಿಗಿಂತ ಮೊದ್ಲು ಓಡ್ಬಂದಿದ್ದು ಗಂಗಣ್ಣ. ಬಾಗ್ಲು ಎಳ್ದು ತೆಗ್ದಿದ್ದು ಅವ್ರೇ."

ಕ್ಯಾಪ್ಟನ್ ತಲೆಯಾಡಿಸಿದರು. ನಾಲ್ಕು ಗಂಟೆಗೆ ರಿಪೋರ್ಟ್ ಕಳಿಸುತ್ತೇನೆ, ಅಷ್ಟರೊಳಗೆ ಏನಾದರೂ ನೆನಪಾದರೆ ಹೇಳು ಎಂದು ಕೋಣೆಗೆ ಹೋದರು. ರಿಪೋರ್ಟಿನಲ್ಲಿ ಏನಿರುತ್ತದೆಂದು ಮೂವರಿಗೂ ಗೊತ್ತಿತ್ತು. ಹುಡುಗಿ ಹೆದರಿದಳು, ಹೆದರಿದ್ದನ್ನು ಮುಚ್ಚಲು ಸುಳ್ಳು ಹೇಳಿದಳು. ಇನ್ನು ಇವಳಿಗೆ ಒಬ್ಬಳೇ ಹಾರಿಸಲು ಕೊಡುವಂತಿಲ್ಲ. ಹೇಮಶ್ರೀ ಹೊದಿಕೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಹೊದಿಸಿದರು. ಅವಳು ಅಂಚು ಎಳೆಯುವಾಗಲೂ ಗಾಜಿಗೆ ಉಜ್ಜದಂತೆ ಎತ್ತಿ ಎಳೆದಳು; ಅವನೇ ಕಲಿಸಿದ್ದು. ಈಗ ಹೇಳಬೇಕು, ಈಗ, ಎಂದು ಒಳಗೆ ಯಾರೋ ಕುಟ್ಟುತ್ತಿದ್ದರು. "ಊಟಕ್ಕೋಗಿ ಬತ್ತೀನಿ ಕಣವ್ವ" ಎಂದ.

ಗಾಡಿಯ ಮೇಲೆ ಮನೆಯ ದಾರಿಯುದ್ದಕ್ಕೂ ಅವನು ತನ್ನ ಪರವಾಗಿ ವಕಾಲತ್ತು ನಡೆಸಿದ. ನಾನು ಹೇಳಿದರೆ ಯಾಕೆ ಬಿಟ್ಟೆ ಎಂದು ಕೇಳುತ್ತಾರೆ. ಯಾಕೆಂದು ಹೇಳಲು ಮಗಳ ಬಸಿರಿನ ಮಾತು ಎತ್ತಬೇಕು. ಎರಡು ಸಲ ಹೋದದ್ದು, ಏಳು ವರ್ಷದ್ದು, ಎಲ್ಲ ಒಂದು ಕಾಗದದ ಮೇಲೆ ಬರುತ್ತದೆ. ಕಂಡವರ ಬಾಯಿಗೆ ಮಗಳ ಹೊಟ್ಟೆಯನ್ನು ಹಾಕುವುದೆ? ಬೇಡ. ಬಾಯಿ ಮುಚ್ಚಿಕೊಂಡಿರುವುದು ಅವಳಿಗಾಗಿ. ಹೀಗೆಂದುಕೊಂಡಾಗ ಎದೆಯ ಭಾರ ಒಂದಿಷ್ಟು ಇಳಿದಂತಾಯಿತು. ಮನೆ ಮುಟ್ಟುವ ಹೊತ್ತಿಗೆ ಒಬ್ಬ ಒಳ್ಳೆಯ ಅಪ್ಪನ ಮುಖ ಸಿದ್ಧವಾಗಿತ್ತು.

ಪುಟ್ಟತಾಯಮ್ಮ ತೋಟಕ್ಕೆ ಹೋಗಿದ್ದಳು. ಮಂಜುಶ್ರೀ ಮುದ್ದೆ ಬಡಿಸಿ ಎದುರಿಗೆ ಗೋಡೆಗೊರಗಿ ಕೂತಳು. ಅವನು ಉಪ್ಪು ತೆಗೆದುಕೊಳ್ಳಲು ಎದ್ದಾಗ ಕಿಟಕಿ ಕಂಡಿತು. ಮೂಲೆಯಲ್ಲಿ ಗೂಡಿರಲಿಲ್ಲ. ಅಂಗೈಯಗಲದ ಮಣ್ಣಿನ ಕಲೆ ಮಾತ್ರ ಇತ್ತು.

"ಮಂಜು, ಇಲ್ಲಿದ್ದ ಗೂಡು ಎಲ್ಲವ್ವ?"

ಅವಳು ಸೆರಗು ಸರಿಮಾಡಿಕೊಂಡಳು. "ನಾನೇ ಕಿತ್ತಾಕ್ದೆ ಕಣಪ್ಪ. ಹೋದ ಬುಧವಾರನೇ. ಹಾಲಿನ್ ಪಾತ್ರೆಗೆ ಹುಳ ಬೀಳ್ತಿತ್ತು. ಅಮ್ಮ ಬಯ್ಯುತ್ತೆ ಅಂತ ಹೇಳ್ಲಿಲ್ಲ. ಅಮ್ಮ ಇದ್ದಾಗ ಕಿಟಕಿ ಬಾಗ್ಲು ಹಾಕೇ ಇಟ್ಟಿರ್ತೀನಿ, ಕಾಣಲ್ಲ."

"ಭಯ ಆಗ್ಲಿಲ್ವಾ?"

"ಎರಡ್ ದಿನ ಆಯ್ತು. ಆಮೇಲೆ ಒದೀತು" ಎಂದಳು. ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು. "ನೀವೂ ಹೇಳ್ಬೇಡಿ ಮತ್ತೆ."

ಹೋದ ಬುಧವಾರ. ಅಂದರೆ ಅವನು ಶನಿವಾರ ರೆಕ್ಕೆಯ ಕೆಳಗೆ ಬಗ್ಗಿ, ಮಗಳ ಹೊಟ್ಟೆಯನ್ನು ಕಾಯುತ್ತಿದ್ದೇನೆಂದು ಕೈ ಹಿಂದಕ್ಕೆ ತೆಗೆದುಕೊಂಡಾಗ, ಮಗಳು ಆಗಲೇ ಪೊರಕೆ ತೊಳೆದಿಟ್ಟಿದ್ದಳು. ಅವನಿಗೆ ನಗಬೇಕೆನ್ನಿಸಿತು. ಸಂತೋಷವೂ ಆಯಿತು, ಮಗು ಒದ್ದದ್ದಕ್ಕೆ, ಮತ್ತು ಆ ಸಂತೋಷದ ಹಿಂದೆಯೇ ಅವನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಕಾಲತ್ತೆಲ್ಲ ಕುಸಿಯಿತು. ಈ ಹುಡುಗಿಗೆ ಅವನ ಮೌನ ಬೇಕಿರಲಿಲ್ಲ. ಮುಚ್ಚಿಕೊಂಡಿದ್ದೆಲ್ಲ ತನ್ನನ್ನೇ. ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದ. "ಯಾಕಪ್ಪ, ಸಾರು ಚೆನ್ನಾಗಿಲ್ವಾ?" ಎಂದು ಮಂಜುಶ್ರೀ ಬಾಗಿಲವರೆಗೆ ಬಂದು ಕೇಳಿದಳು. ಚೆನ್ನಾಗಿದೆ ಎಂದು ಹೇಳಿ ಗಾಡಿ ಹತ್ತಿದ.

ಹೇಮಶ್ರೀ ಗೇಟಿನ ಹೊರಗೆ ಕುಣಿಗಲ್ ಕಡೆಯ ಬಸ್ಸಿಗೆ ಕಾಯುತ್ತಾ, ಚೀಲ ತಬ್ಬಿಕೊಂಡು ಮೈಲಿಗಲ್ಲಿನ ಮೇಲೆ ಕೂತಿದ್ದಳು. ಮಳೆಯ ಮೊದಲ ಹನಿ ಬೀಳುತ್ತಿತ್ತು. "ಬಾರವ್ವ ಒಳಕ್ಕೆ" ಎಂದ. ಅವನ ಮುಖ ನೋಡಿ ಅವಳು ಚೀಲ ಹೆಗಲಿಗೇರಿಸಿಕೊಂಡು ಹಿಂದೆ ಬಂದಳು. ಕೋಣೆಯಲ್ಲಿ ಕ್ಯಾಪ್ಟನ್ ಲ್ಯಾಪ್‌ಟಾಪಿನ ಮುಂದಿದ್ದರು. ಗಂಗಹನುಮಯ್ಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು ಬಿಚ್ಚಿದ. ಹಸಿರು ಹುಳುಗಳು ಈಗ ಕಪ್ಪಗಾಗಿದ್ದವು.

"ಏನಿದು?"

"ಕುಂಬಾರ ಹುಳದ ಗೂಡು ಸಾರ್. ಆ ಕೊಳವೇಲಿತ್ತು. ಶನಿವಾರ ನೋಡ್ದೆ, ನೋಡಿ ಬುಟ್ಬುಟ್ಟೆ. ಸೋಮವಾರ ಈ ಅವ್ವಂಗೆ ಕಾಣ್ದಂಗೆ ಅಡ್ಡ ನಿಂತಿದ್ದೋನು ನಾನೇ. ಮುಳ್ಳು ಎದ್ದಿರಲ್ಲ ಸಾರ್. ಹುಡುಗಿ ಸುಳ್ಳು ಹೇಳಿಲ್ಲ."

ಕ್ಯಾಪ್ಟನ್ ಕನ್ನಡಕ ತೆಗೆದರು. "ಯಾಕ್ರೀ ಬಿಟ್ರಿ? ಒಂದು ಜೀವ ಹೋಗ್ತಿತ್ತಲ್ರೀ."

"ಮಗಳು ಬಸುರಿ ಸಾರ್" ಎಂದ.

ನಗುತ್ತಾರೆ ಎಂದುಕೊಂಡಿದ್ದ. ನಗಲಿಲ್ಲ. ಹೇಮಶ್ರೀ ಮೇಜಿನ ಮೇಲೆ ಬಗ್ಗಿ ಮಣ್ಣನ್ನು ನೋಡಿದಳು. "ನಂಗೊಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ ಗಂಗಣ್ಣ" ಎಂದಳು. "ನಮ್ಮನೇಲೂ ಕೀಳಲ್ಲ. ಅದು ಹಾರಿ ಹೋಗೋಗಂಟ ನಾನೇ ಹಾರಿಸ್ತಿರ್ಲಿಲ್ಲ." ದನಿಯಲ್ಲಿ ಕೋಪವಿರಲಿಲ್ಲ. ಅವಳು ಆಗಲೇ ಕ್ಷಮಿಸತೊಡಗಿದ್ದಳು; ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಬೈದಿದ್ದರೆ ನಿಲ್ಲಬಹುದಿತ್ತು, ಇದರ ಮುಂದೆ ನಿಲ್ಲುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ.

ಕ್ಯಾಪ್ಟನ್ ಮಣ್ಣಿನ ಚೂರೊಂದನ್ನು ಪೆನ್ನಿನ ತುದಿಯಿಂದ ತಿರುಗಿಸಿದರು. "ನಾನು ಬಂದು ನೋಡಿದಾಗ ಕ್ಲೀನಾಗಿತ್ತಲ್ಲ. ಕಿತ್ತಿದ್ದು ಯಾವಾಗ?"

ಇವತ್ತು ಬೆಳಿಗ್ಗೆ ಎನ್ನಬಹುದಿತ್ತು. ಯಾರೂ ಮತ್ತೆ ಕೇಳುತ್ತಿರಲಿಲ್ಲ. ಹೊರಗೆ ಹೊದಿಕೆಯ ಮೇಲೆ ಮಳೆ ಬಡಿಯುವ ಸದ್ದು ಶುರುವಾಗಿತ್ತು.

"ನಿನ್ನೆ ಸಾರ್."

"ನಿನ್ನೆ ಯಾವಾಗ?"

ಅವನು ಹುಡುಗಿಯ ಹಣೆಯ ಪಟ್ಟಿಯನ್ನೇ ನೋಡಿದ.

"ಈ ಅವ್ವ ಒಳಗಿಂದ ಬಾಗ್ಲು ಬಡೀತಿದ್ದಾಗ."